ಕೆಂಪು ಚುಕ್ಕೆ ಎಣಿಸಿ ಹೊಗೆ ಕಮ್ಮಿ ಆಗಿದೆ ಅನ್ನೋ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೊಗೆ ಸೀಸನ್ ಬಂತು ಅಂದ್ರೆ ಗಾಳಿ ಗುಣಮಟ್ಟ ನೋಡ್ಕೊಳ್ಳೋ ನಿಮ್ಮ ಕಚೇರಿಗಳಿಂದ, ಯಾವ ದೇಶ ಆದ್ರೂ ಸರಿ, ಒಂದು ಚಿತ್ರ ಹೊರಗೆ ಬರತ್ತೆ. ಮ್ಯಾಪ್ ಮೇಲೆ ಸ್ಯಾಟಲೈಟ್ ಗುರುತಿಸಿದ ಬೆಂಕಿಯ ಕೆಂಪು ಚುಕ್ಕೆಗಳು, ಪಕ್ಕದಲ್ಲೇ ಹೋದ ವರ್ಷದ ಮ್ಯಾಪು, ಅದರಲ್ಲಿ ಚುಕ್ಕೆ ಜಾಸ್ತಿ ಇದರಲ್ಲಿ ಕಮ್ಮಿ, ಹಾಗಾಗಿ ಬೆಂಕಿ ಕಮ್ಮಿ ಆಗಿದೆ, ಹೊಗೆನೂ ಕಮ್ಮಿ ಆಗಿದೆ ಅಂತ ಕೆಳಗೆ ಒಂದು ಸಾಲು. ಮಾರನೇ ದಿನ ಪೇಪರ್‌ನಲ್ಲೂ ಅದೇ ಸಾಲು. ಓದೋ ಜನ ಮಾತ್ರ ಕೆಮ್ಮಿಕೊಂಡೇ ಓದ್ತಿರ್ತಾರೆ.

ನೀವು ಸುಳ್ಳು ಹೇಳ್ತಿದ್ದೀರ ಅಂತ ನಾನು ಹೇಳ್ತಿಲ್ಲ, ಚುಕ್ಕೆಗಳು ನಿಜವೇ. ಆ ಚಿತ್ರಗಳು ನನಗೂ ಸಿಗ್ತವೆ, ಎಲ್ಲರಿಗೂ ಸಿಗ್ತವೆ, ನಾಸಾದ ವರ್ಲ್ಡ್‌ವ್ಯೂ ಮತ್ತೆ ಫರ್ಮ್ಸ್ ಸೈಟ್ ತೆಗೆದ್ರೆ ಸ್ಯಾಟಲೈಟ್ ಹಾದುಹೋದ ಸುಮಾರು ಮೂರು ಗಂಟೆ ಒಳಗೆ ಬಂದು ಕೂತಿರ್ತವೆ, ಕಾಸು ಕೊಡ್ಬೇಕಿಲ್ಲ. ದಿನಾ ಅದನ್ನೇ ತೆಗೆದು ನೋಡೋ ಅಭ್ಯಾಸ ನನಗೆ. ನೀವು ಬಿಡೋ ಚಿತ್ರದ ಕೆಳಗೆ ಎಷ್ಟು ಗಂಟೆಗೆ ತೆಗೆದಿದ್ದು, ಯಾವ ಸ್ಯಾಟಲೈಟು, ಮೋಡ ಎಲ್ಲೆಲ್ಲಿ ಅಡ್ಡ ಬಂದಿತ್ತು ಅನ್ನೋದು ಒಂದೂ ಇರಲ್ಲ ನೋಡಿ, ನನ್ನ ತಕರಾರು ಅಷ್ಟೇ. ಅಷ್ಟೇ ಅಂದ್ನಲ್ಲ, ಆ ಅಷ್ಟರಲ್ಲೇ ಕಥೆ ಪೂರ್ತಿ ಉಲ್ಟಾ ಆಗೋಗತ್ತೆ, ಅದಕ್ಕೇ ಈ ಪತ್ರ.

ಮೊದಲು ಚುಕ್ಕೆ ವಿಚಾರ. ಅದು ಹೊಗೆನೂ ಅಲ್ಲ, ಫೋಟೋನೂ ಅಲ್ಲ. ಸುಮಾರು 4 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ತರಂಗದಲ್ಲಿ ನೆಲದಿಂದ ಬರೋ ಬಿಸಿಯನ್ನ ಸ್ಯಾಟಲೈಟ್ ಅಳೆಯತ್ತೆ, ಸುತ್ತಲಿನ ಜಾಗಕ್ಕಿಂತ ಒಂದು ಚೌಕ ಸಿಕ್ಕಾಪಟ್ಟೆ ಬಿಸಿ ಕಂಡ್ರೆ ಆ ಚೌಕದ ನಡುವೆ ಒಂದು ಚುಕ್ಕೆ ಇಡತ್ತೆ. ಟೆರಾ, ಆಕ್ವಾ ಅನ್ನೋ ಸ್ಯಾಟಲೈಟ್‌ಗಳಲ್ಲಿರೋ ಮೋಡಿಸ್ ಉಪಕರಣಕ್ಕೆ ಆ ಚೌಕ 1 ಕಿಲೋಮೀಟರ್ ಅಗಲ, ಅಂದ್ರೆ 100 ಹೆಕ್ಟೇರ್. ಆಮೇಲೆ ಬಂದ ವಿಯರ್ಸ್ ಅನ್ನೋ ಉಪಕರಣಕ್ಕೆ 375 ಮೀಟರ್, ಸುಮಾರು 14 ಹೆಕ್ಟೇರ್, ಹೆಚ್ಚುಕಮ್ಮಿ 35 ಎಕರೆ. ಆ 35 ಎಕರೆ ಒಳಗೆ ಒಂದು ಹೊಲ ಉರಿದ್ರೂ ಒಂದೇ ಚುಕ್ಕೆ, ನಾಲ್ಕು ಹೊಲ ಉರಿದ್ರೂ ಒಂದೇ ಚುಕ್ಕೆ. ಹಾಗಾಗಿ 500 ಚುಕ್ಕೆ ಅಂದ್ರೆ 500 ಬೆಂಕಿ ಅಂತ ಹೆಡ್‌ಲೈನ್ ಬರೋದೇ ತಪ್ಪು, ಆದ್ರೆ ಅದನ್ನ ಯಾರೂ ತಿದ್ದಲ್ಲ, ನೀವೂ ತಿದ್ದಲ್ಲ.

ಇನ್ನು ಟೈಮು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲ ಎಡವಟ್ಟೂ ಇಲ್ಲಿಂದಲೇ ಶುರು. ವಿಯರ್ಸ್ ಹೊತ್ತಿರೋ ಸ್ಯಾಟಲೈಟ್ ಮೂರಿವೆ, 2011ರ ಸುಓಮಿ ಎನ್‌ಪಿಪಿ, 2017ರ ನೋವಾ-20, 2022ರ ನೋವಾ-21. ಮೂರಿದ್ರೆ ದಿನವಿಡೀ ಕಾವಲು ಇದೆ ಅಂದ್ಕೋಬೇಡಿ, ಮೂರೂ ಒಂದೇ ಹಾದಿಯಲ್ಲಿ ಒಂದರ ಹಿಂದೆ ಒಂದು ಹೋಗ್ತವೆ, ಮೂರೂ ಬರೋದು ಮಧ್ಯಾಹ್ನ 1:30ರ ಆಸುಪಾಸು ಮತ್ತೆ ರಾತ್ರಿ 1:30ರ ಆಸುಪಾಸು. ಆಕ್ವಾನೂ ಮೂಲತಃ ಅದೇ ಹೊತ್ತಿಂದು. ಬೆಳಗ್ಗೆ 10:30ಕ್ಕೆ ಬರ್ತಿದ್ದಿದ್ದು ಟೆರಾ ಒಂದೇ. ಅಂದ್ರೆ ಸಾಯಂಕಾಲ ನಾಲ್ಕಕ್ಕೆ ಹಚ್ಚಿ ಆರಕ್ಕೆ ಆರಿಹೋದ ಬೆಂಕಿ ಇವುಗಳ ಲೆಕ್ಕದಲ್ಲಿ ಆಗೇ ಇಲ್ಲ. ದೊಡ್ಡ ಕಾಡ್ಗಿಚ್ಚು ಆದ್ರೆ ಹಗಲು ರಾತ್ರಿ ಉರಿಯತ್ತೆ, ಯಾವಾಗ ನೋಡಿದ್ರೂ ಸಿಗತ್ತೆ. ಹೊಲದ ಕೂಳೆಗೆ ಇಟ್ಟ ಬೆಂಕಿ ಅಷ್ಟು ಹೊತ್ತು ಇರಲ್ವಲ್ಲ.

ಇದು ನಾನು ತಲೆಯಿಂದ ಹೊಸೆದ ಅನುಮಾನ ಅಲ್ಲ. 2024ರಲ್ಲಿ ಪಂಜಾಬ್, ಹರಿಯಾಣ ಕಡೆ ಭತ್ತದ ಕೂಳೆ ಸುಡೋ ಸೀಸನ್‌ನಲ್ಲಿ ಚುಕ್ಕೆ ಲೆಕ್ಕ ಇಳೀತಿತ್ತು, ಆದ್ರೆ ಮೇಲಿನ ಮಬ್ಬು ಆ ಲೆಕ್ಕಕ್ಕೆ ತಕ್ಕ ಹಾಗೆ ಇಳೀತಿರ್ಲಿಲ್ಲ. ಆಗ ನಾಸಾ ವಿಜ್ಞಾನಿ ಹಿರೇನ್ ಜೇತ್ವಾ, ದಕ್ಷಿಣ ಕೊರಿಯಾದ ಜಿಯೋ-ಕಾಂಪ್‌ಸ್ಯಾಟ್-2ಎ ಚಿತ್ರಗಳನ್ನ ನೋಡಿ, ಮಧ್ಯಾಹ್ನದ ಸ್ಯಾಟಲೈಟ್‌ಗಳು ದಾಟಿ ಹೋದ ಮೇಲೆ ಹೊಗೆ ಏಳ್ತಿರೋದನ್ನ ಎತ್ತಿ ತೋರಿಸಿದ್ರು. ಈ ಕೊರಿಯಾದ್ದು ಭೂಸ್ಥಿರ ಸ್ಯಾಟಲೈಟು, 36,000 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತು 10 ನಿಮಿಷಕ್ಕೊಂದು ಸಲ ಚಿತ್ರ ತೆಗೀತಾನೇ ಇರತ್ತೆ, ಅದರ ಕಣ್ಣು ತಪ್ಪಿಸೋ ಹೊತ್ತು ಅಂತ ಇಲ್ಲ. ರೈತರು ಬೇಕಂತಲೇ ಟೈಮ್ ನೋಡಿ ಹಚ್ಚಿದ್ರೋ, ಇಬ್ಬನಿ ಪೂರ್ತಿ ಆರಿ ಹುಲ್ಲು ಚೆನ್ನಾಗಿ ಒಣಗಲಿ ಅಂತ ಸಾಯಂಕಾಲಕ್ಕೆ ಬಿಟ್ರೋ, ಆ ಜಗಳ ನನಗೆ ಬೇಡ. ಕ್ಯಾಮೆರಾ ಇಲ್ಲದ ಹೊತ್ತಲ್ಲಿ ಏನಾಯ್ತು ಅಂತ ಕ್ಯಾಮೆರಾ ಹೇಳಲ್ಲ, ಅಷ್ಟು ಒಪ್ಕೊಂಡ್ರೆ ಸಾಕು.

ಹಾಗಂತ ಭೂಸ್ಥಿರದ್ದೊಂದನ್ನೇ ನಂಬಿ ಅಂತಾನೂ ಹೇಳಲ್ಲ. ಅಷ್ಟು ದೂರದಿಂದ ಬಿಸಿ ಅಳೆಯೋ ಚೌಕ ಸುಮಾರು 2 ಕಿಲೋಮೀಟರ್ ಅಗಲ ಆಗೋಗತ್ತೆ, ಚಿಕ್ಕ ಬೆಂಕಿ ಅದರಲ್ಲಿ ಮುಳುಗಿಹೋಗತ್ತೆ. ಒಂದಕ್ಕೆ ಟೈಮ್ ಇಲ್ಲ, ಇನ್ನೊಂದಕ್ಕೆ ಕಣ್ಣು ಚುರುಕಿಲ್ಲ, ಎರಡನ್ನೂ ಜೋಡಿಸಿ ಓದ್ಬೇಕು.

ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆ ಮಾಡ್ತೀರಲ್ಲ, ಅದರಲ್ಲಿ ಇನ್ನೊಂದು ಹುಳುಕಿದೆ. ಟೆರಾ ಹಾರಿದ್ದು 1999ರ ಡಿಸೆಂಬರ್‌ನಲ್ಲಿ, ಆಕ್ವಾ 2002ರಲ್ಲಿ, ಎರಡಕ್ಕೂ ವಯಸ್ಸಾಗಿದೆ, ಇರೋ ಇಂಧನ ಉಳಿಸ್ಬೇಕು ಅಂತ ಅವುಗಳನ್ನ ಸರಿಯಾದ ಟೈಮಿಗೆ ಕೂರಿಸೋ ಕೆಲಸ ಕೆಲವು ವರ್ಷದ ಹಿಂದೆಯೇ ನಿಲ್ಲಿಸಿದ್ದಾರೆ. ಹಾಗಾಗಿ ಟೆರಾ 10:30ಕ್ಕಿಂತ ಮುಂಚೆ ಮುಂಚೆ ಬರ್ತಾ ಹೋಗಿದೆ, ಆಕ್ವಾ 1:30 ದಾಟಿ ತಡ ತಡ ಆಗ್ತಾ ಹೋಗಿದೆ. ನೋಡೋ ಗಂಟೆನೇ ಜರುಗಿದ ಮೇಲೆ ಹತ್ತು ವರ್ಷದ ಹಿಂದಿನ ಲೆಕ್ಕದ ಪಕ್ಕ ಇವತ್ತಿನ ಲೆಕ್ಕ ಇಟ್ಟು ಶೇಕಡಾ ಇಷ್ಟು ಇಳಿಕೆ ಅನ್ನೋದು ಯಾವ ನ್ಯಾಯ? ಉಲ್ಟಾ ಕಡೆಯಿಂದಲೂ ಇದು ಕೈ ಕೊಡತ್ತೆ, ಎಲ್ಲ ಸ್ಯಾಟಲೈಟ್‌ಗಳ ಚುಕ್ಕೆ ಕೂಡಿಸಿ ಹಾಕೋ ಕಚೇರಿಗಳಲ್ಲಿ ಹೊಸ ಸ್ಯಾಟಲೈಟ್ ಸೇರಿದ ವರ್ಷ ಬೆಂಕಿ ದಿಢೀರ್ ಅಂತ ಜಾಸ್ತಿ ಆದ ಹಾಗೆ ಕಾಣತ್ತೆ, ಒಂದೇ ಬೆಂಕಿಯನ್ನ ಎರಡು ಮೂರು ಸಲ ಎಣಿಸಿರ್ತಾರೆ.

ಚುಕ್ಕೆ ಬಿಟ್ಟು ಹೊಗೆಗೆ ಬರೋಣ. ಮಾಮೂಲಿ ಬಣ್ಣದ ಚಿತ್ರದಲ್ಲಿ ಹೊಗೆ ನೀಲಿ ಮಿಶ್ರಿತ ಬೂದಿ ಬಣ್ಣ, ಅಂಚು ಕರಗಿದ ಹಾಗೆ, ಕೆಳಗಿನ ನೆಲ ಸ್ವಲ್ಪ ಸ್ವಲ್ಪ ಕಾಣತ್ತೆ. ಮೋಡ ಬೆಳ್ಳಗೆ, ಅಂಚು ಸ್ಪಷ್ಟ. ಮಂಜು ಕಣಿವೆ ಹಿಡಿದು ಕೂರತ್ತೆ, ಬೆಟ್ಟದ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಹಾಗಿರತ್ತೆ. ಧೂಳು ಕಂದು ಹಳದಿ. ಬರೆದಾಗ ಇಷ್ಟು ಸುಲಭ, ನಿಜವಾದ ಚಿತ್ರದಲ್ಲಿ ಎಲ್ಲ ಕಲಸಿಕೊಂಡಿರತ್ತೆ, ಅನುಮಾನ ಬಂದಾಗ ಒಂದು ಉಪಾಯ ಇದೆ, ನೀವೇ ಕೂತು ಮಾಡಿ ನೋಡಬಹುದು. ವರ್ಲ್ಡ್‌ವ್ಯೂನಲ್ಲಿ ಅದೇ ದಿನದ ಅದೇ ಜಾಗ ತೆಗೀರಿ, ಮಾಮೂಲಿ ಬಣ್ಣದ ಪದರದ ಬದಲು 7-2-1 ಬ್ಯಾಂಡ್ ಪದರ ಹಾಕಿ, ಬ್ಯಾಂಡ್ ಅಂದ್ರೆ ಉಪಕರಣ ನೋಡೋ ಒಂದೊಂದು ತರಂಗದ ಪಟ್ಟಿ. ಈ 7ನೇ ಬ್ಯಾಂಡು 2.1 ಮೈಕ್ರಾನ್ ಇನ್‌ಫ್ರಾರೆಡ್. ಹೊಗೆ ಕಣ ಬಹುಪಾಲು 1 ಮೈಕ್ರಾನ್‌ಗಿಂತ ಚಿಕ್ಕದು, ಅಷ್ಟು ಉದ್ದದ ತರಂಗವನ್ನ ತಡೆಯೋ ತಾಕತ್ತು ಅದಕ್ಕಿಲ್ಲ. ಮೋಡದ ಹನಿ 10 ಮೈಕ್ರಾನ್ ಆಸುಪಾಸು, ಅದು ತಡೆಯತ್ತೆ. ಪದರ ಬದಲಾಯಿಸಿದ ತಕ್ಷಣ ಅಷ್ಟಗಲ ಹಬ್ಬಿದ್ದ ಬೂದಿ ಹಾಸು ತೆಳ್ಳಗಾಗಿ ಹೆಚ್ಚುಕಮ್ಮಿ ಮಾಯ, ಅದರ ಕೆಳಗಿಂದ ಹಸಿರು ನೆಲ, ಸುಟ್ಟ ಜಾಗದ ಕೆಂಗಂದು ಕಲೆ, ಇನ್ನೂ ಉರೀತಿದ್ರೆ ಕಿಡಿ ಕೆಂಪು ಎದ್ದು ಬರತ್ತೆ, ಮೋಡ ಮಾತ್ರ ಇದ್ದಲ್ಲೇ ಇರತ್ತೆ. ಮಾಯ ಆಗಿದ್ದೇ ಹೊಗೆ. ಮೌಸಲ್ಲಿ ನಾಲ್ಕು ಕ್ಲಿಕ್ಕಿನ ಕೆಲಸ ಇದು, ಇದನ್ನ ಮಾಡದೆ ತೆಳು ಮೋಡವನ್ನ ಹೊಗೆ ಅಂತ ಪ್ರೆಸ್ ನೋಟ್ ಬಿಟ್ಟಿದ್ದನ್ನ ನೋಡಿದ್ದೀನಿ, ಯಾವ ಕಚೇರಿ ಅಂತ ಹೇಳಲ್ಲ ಬಿಡಿ.

ಇನ್ನೊಂದು ತಮಾಷೆ. ಚಿತ್ರದಲ್ಲಿ ಮಬ್ಬು ಒಂದು ಓರೆ ಗೆರೆ ಹತ್ತಿರ ಬಂದು ಕಟ್ ಆಗಿರತ್ತೆ, ಗೆರೆಯ ಆಚೆ ಫಳಫಳ ಅಂತ ತಿಳಿ. ಅದನ್ನೇ ಗಡಿ ಅಂದ್ಕೊಂಡು ನೋಡಿ ಅವರ ಕಡೆ ಹೊಗೆ ನಮ್ಮ ಕಡೆ ಇಲ್ಲ ಅಂತ ವಾದ ಶುರು ಆಗತ್ತೆ. ಗಾಳಿ ಸ್ಕೇಲ್ ಇಟ್ಟು ಗೆರೆ ಎಳೆಯಲ್ಲ ಸ್ವಾಮಿ. ಸ್ಯಾಟಲೈಟ್ ಒಂದು ಸುತ್ತು ಮುಗಿಸಿ ಪಕ್ಕದ ಪಟ್ಟಿಗೆ ಬರೋಕೆ ಸುಮಾರು ನೂರು ನಿಮಿಷ ಆಗತ್ತೆ, ಎರಡು ಪಟ್ಟಿ ಅಂಟಿಸಿದ ಹೊಲಿಗೆ ಅದು, ಒಂದು ಕಡೆ ನೋಡಿದ ಕೋನ ಬೇರೆ, ಇನ್ನೊಂದು ಕಡೆ ಬೇರೆ, ಹೊತ್ತೂ ಬೇರೆ. ಭೂಸ್ಥಿರ ಸ್ಯಾಟಲೈಟ್ ಚಿತ್ರದಲ್ಲೂ ಇಂಥದ್ದೇ ಒಂದು ಮೋಸ ಇದೆ, ಸೂರ್ಯ ಕೆಳಗಿದ್ದಾಗ ಹೊಗೆ ಕಣ ಬೆಳಕನ್ನ ಸ್ಯಾಟಲೈಟ್ ಕಡೆಗೆ ಜಾಸ್ತಿ ಚೆದುರಿಸತ್ತೆ, ಹಾಗಾಗಿ ಬೆಳಗ್ಗೆ ಸಂಜೆ ಹೊಗೆ ದಟ್ಟ ಕಾಣತ್ತೆ, ನಡು ಮಧ್ಯಾಹ್ನ ಅಷ್ಟೇ ಹೊಗೆ ತೆಳ್ಳಗೆ ಕಾಣತ್ತೆ. ಮಧ್ಯಾಹ್ನಕ್ಕೆ ಹೊಗೆ ಇಳೀತು ಅಂತ ಟ್ವೀಟ್ ಮಾಡೋ ಮುಂಚೆ ಸೂರ್ಯ ಎಲ್ಲಿದ್ದ ಅಂತ ಒಂದು ಸಲ ನೋಡಿ.

ಈಗ ಮುಖ್ಯ ಮಾತು. ಸ್ಯಾಟಲೈಟ್ ಅಳೆಯೋದು ನೆಲದಿಂದ ಆಕಾಶದ ತುದಿವರೆಗಿನ ಇಡೀ ಕಂಬವನ್ನ, ಜನ ಉಸಿರಾಡೋದು ಆ ಕಂಬದ ಕೆಳಗಿನ ಎರಡು ಮೀಟರ್‌ನಲ್ಲಿ. ಏರೋಸಾಲ್ ಆಪ್ಟಿಕಲ್ ಡೆಪ್ತ್, ಎಲ್ಲರೂ ಎಒಡಿ ಅನ್ನೋದು, ಆ ಕಂಬ ಎಷ್ಟು ಬೆಳಕನ್ನ ತಡೀತು ಅನ್ನೋ ಅಳತೆ. 0.1 ಅಂದ್ರೆ ಆಕಾಶ ತಿಳಿ, 1 ಅಂದ್ರೆ ನೆತ್ತಿ ಮೇಲಿನ ಸೂರ್ಯನಿಂದ ನೇರ ಬರೋ ಬೆಳಕಲ್ಲಿ ಶೇಕಡಾ 37 ಮಾತ್ರ ಕೆಳಗೆ ಮುಟ್ಟತ್ತೆ. ಉಪಯೋಗಕ್ಕೆ ಬರೋ ಅಳತೆನೇ, ಆದ್ರೆ ಹೊಗೆ ಕಂಬದಲ್ಲಿ ಎಷ್ಟು ಎತ್ತರದಲ್ಲಿದೆ ಅಂತ ಅದು ಬಾಯಿ ಬಿಡಲ್ಲ. 2023ರ ಜೂನ್ ತಗೊಳ್ಳಿ. ಕೆನಡಾ ಕಾಡ್ಗಿಚ್ಚಿನ ಹೊಗೆ ಜೂನ್ 7ಕ್ಕೆ ನ್ಯೂಯಾರ್ಕ್ ಮೇಲೆ ನೆಲ ಮುಟ್ಟಿ ಇಳೀತು, ಊರಿಗೆ ಊರೇ ಕಿತ್ತಳೆ ಬಣ್ಣ, ಗಾಳಿ ಗುಣಮಟ್ಟದ ಸೂಚ್ಯಂಕ ಎಕ್ಯೂಐ 400 ದಾಟಿತ್ತು. ಅದೇ ತಿಂಗಳ ಕೊನೆಗೆ ಕೆನಡಾದ ಹೊಗೆ ಅಟ್ಲಾಂಟಿಕ್ ದಾಟಿ ಯುರೋಪ್ ಮೇಲೂ ಬಂತು, ಸ್ಯಾಟಲೈಟ್ ಚಿತ್ರದಲ್ಲಿ ಚೆನ್ನಾಗೇ ಕಾಣ್ತಿತ್ತು, ಆದ್ರೆ ಮೇಲೆ ಮೇಲೆ ಹಾದುಹೋಯ್ತು, ನೆಲದ ಗಾಳಿಗೆ ಅಂಥಾ ಏಟು ಬೀಳ್ಲಿಲ್ಲ, ಸೂರ್ಯಾಸ್ತ ಸ್ವಲ್ಪ ಕೆಂಪಾಯ್ತು ಅಷ್ಟೇ. 2019-20ರ ಆಸ್ಟ್ರೇಲಿಯಾ ಕಾಡ್ಗಿಚ್ಚಲ್ಲಂತೂ ಬೆಂಕಿಯೇ ಗುಡುಗು ಮೋಡ ಹುಟ್ಟಿಸಿ ಹೊಗೆಯನ್ನ ಸ್ಟ್ರಾಟೋಸ್ಫಿಯರ್‌ಗೆ, ಅಂದ್ರೆ ಮಾಮೂಲಿ ಮೋಡಗಳಿಗೂ ಮೇಲಿನ ಗಾಳಿ ಪದರಕ್ಕೆ ತಳ್ಳಿತ್ತು, ಬಿಸಿಲು ಹೀರಿ ಇನ್ನೂ ಮೇಲೇರಿ 30 ಕಿಲೋಮೀಟರ್ ದಾಟ್ತು, ಭೂಮಿ ಸುತ್ತಿತು. ಅಷ್ಟು ಮೇಲಿರೋ ಹೊಗೆಗೆ ನಿಮ್ಮ ಊರಿನ ಶಾಲೆಗೆ ರಜೆ ಕೊಡೋ ಅಗತ್ಯ ಇಲ್ಲ.

ಇದರ ಉಲ್ಟಾನೇ ನನಗೆ ಜಾಸ್ತಿ ಭಯ. ಚಳಿಗಾಲದ ರಾತ್ರಿ ಗಾಳಿ ಬೆರೆಯೋ ಪದರ ಕುಸಿದು ಕೆಲವೇ ನೂರು ಮೀಟರ್‌ಗೆ ಬಂದು ನಿಂತಿರತ್ತೆ, ಕೆಲವು ಸಲ ಅದಕ್ಕಿಂತಾನೂ ಕೆಳಗೆ. ಬೇಸಿಗೆ ಮಧ್ಯಾಹ್ನ ಅದೇ ಪದರ ಎರಡು ಮೂರು ಕಿಲೋಮೀಟರ್ ಏರಿರತ್ತೆ. ಕಂಬದಲ್ಲಿ ಅಷ್ಟೇ ಹೊಗೆ ಇದ್ರೂ, ಎಒಡಿ ಅಷ್ಟೇ ತೋರಿಸಿದ್ರೂ, ಚಳಿಗಾಲದಲ್ಲಿ ಅದೆಲ್ಲ ಮೂಗಿನ ಮುಂದೆ ಒತ್ತಿಕೊಂಡು ಕೂತಿರತ್ತೆ. ಜೊತೆಗೆ ರಾತ್ರಿ ಎಒಡಿನೇ ಸಿಗಲ್ಲ, ಬಿಸಿಲು ಬೇಕು ಅದಕ್ಕೆ. ಅಂದ್ರೆ ಗಾಳಿ ಅತಿ ಕೆಟ್ಟಿರೋ ಹೊತ್ತಿಗೆ ಚಿತ್ರ ಇಲ್ಲ, ಮಧ್ಯಾಹ್ನ ಗಾಳಿ ಕೊಂಚ ಬೆರೆತು ಸುಧಾರಿಸಿದ ಹೊತ್ತಿಗೆ ಚಿತ್ರ ಇದೆ, ನೀವು ತೋರಿಸೋದು ಅದನ್ನೇ. ತೇವ ಜಾಸ್ತಿ ಇದ್ರೆ ಕಣಗಳು ನೀರು ಕುಡಿದು ಊದಿಕೊಂಡು ಎಒಡಿ ಜಾಸ್ತಿ ತೋರಿಸತ್ತೆ, ಅದು ಇನ್ನೊಂದು ಗೋಳು.

ಎತ್ತರ ಅಳೆಯೋಕೆ ದಾರಿ ಇಲ್ಲ ಅಂತಲ್ಲ. ಕ್ಯಾಲಿಪ್ಸೋ ಅನ್ನೋ ಸ್ಯಾಟಲೈಟು 2006ರಿಂದ 2023ರವರೆಗೆ ಲೇಸರ್ ಬಿಟ್ಟು ಹೊಗೆ ಪದರ ಎಲ್ಲಿ ಶುರು ಎಲ್ಲಿ ಮುಗಿಯತ್ತೆ ಅಂತ ಅಳೀತಿತ್ತು, ಈಗ ಆ ಕೆಲಸಕ್ಕೆ 2024ರ ಮೇನಲ್ಲಿ ಹಾರಿದ ಅರ್ಥ್‌ಕೇರ್ ಇದೆ. ಆದ್ರೆ ಇವು ನೋಡೋದು ತಮ್ಮ ಹಾದಿಯ ಕೆಳಗಿನ ಒಂದು ಸಣ್ಣ ಗೆರೆಯನ್ನ, ನಿಮ್ಮ ಜಿಲ್ಲೆ ಆ ಗೆರೆಯಲ್ಲಿ ಬಂದ ದಿನ ನಿಮ್ಮ ಅದೃಷ್ಟ. ಹೊಗೆಯೋ ಧೂಳೋ ಅಂತ ತೀರ್ಮಾನ ಮಾಡೋಕೆ 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ತೋರಿಸೋ ಕಾರ್ಬನ್ ಮೊನಾಕ್ಸೈಡ್ ಚೆನ್ನಾಗಿ ಕೆಲಸಕ್ಕೆ ಬರತ್ತೆ, ಧೂಳಿಂದ ಆ ಅನಿಲ ಬರಲ್ಲ, ಬೆಂಕಿಯಿಂದ ಬರತ್ತೆ, ವಾರಗಟ್ಟಲೆ ಗಾಳಿಯಲ್ಲಿ ಉಳಿಯತ್ತೆ, ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕಬಹುದು. ಅದೂ ಬರೋದು ಮಧ್ಯಾಹ್ನ 1:30ಕ್ಕೇ, ಏನ್ ಮಾಡೋದು.

ಖಾಲಿ ಜಾಗದ ವಿಚಾರ ಹೇಳಲೇಬೇಕು, ನಿಮ್ಮ ತಿಂಗಳ ಸರಾಸರಿಗಳನ್ನ ನಾನು ನಂಬದೇ ಇರೋದು ಇದಕ್ಕೇ. ಎಒಡಿ ಲೆಕ್ಕ ಹಾಕೋ ಸಾಫ್ಟ್‌ವೇರ್ ಮೊದಲು ಮೋಡ ಇರೋ ಚೌಕಗಳನ್ನ ತೆಗೆದು ಬಿಸಾಕತ್ತೆ. ಹೊಗೆ ವಿಪರೀತ ದಟ್ಟ ಆದಾಗ ಅದಕ್ಕೆ ಹೊಗೆಯೂ ಮೋಡದ ಹಾಗೇ ಕಾಣತ್ತೆ, ಅದನ್ನೂ ಬಿಸಾಕತ್ತೆ. 2015ರ ಇಂಡೋನೇಷ್ಯಾ ಬೆಂಕಿಯಲ್ಲಿ ಆಗಿದ್ದು ಇದೇ, ಆ ಕಡೆ ಮಳೆ ಕಮ್ಮಿ ಮಾಡೋ ಎಲ್ ನಿನೋ ವರ್ಷ, ಸುಮಾತ್ರಾ ಮತ್ತೆ ಬೋರ್ನಿಯೋದ ಪೀಟ್ ನೆಲ, ಅಂದ್ರೆ ಸಾವಿರಾರು ವರ್ಷದ ಗಿಡಗಂಟಿ ಅರೆಬರೆ ಕೊಳೆತು ಪದರ ಪದರ ಕೂತ ನೆಲ, ವಾರಗಟ್ಟಲೆ ಒಳಗೊಳಗೇ ಬೇಯ್ತಿತ್ತು. ಆ ಬೆಂಕಿಗೆ ಜ್ವಾಲೆ ಕಮ್ಮಿ ಬಿಸಿ ಕಮ್ಮಿ, ಹಾಗಾಗಿ ಚುಕ್ಕೆಗೂ ಸರಿಯಾಗಿ ಸಿಗ್ಲಿಲ್ಲ, ಹೊಗೆ ಮಾತ್ರ ಸಿಂಗಪುರ, ಮಲೇಷ್ಯಾವರೆಗೂ ಹೋಯ್ತು, ಮತ್ತೆ ಹೊಗೆ ಅತಿ ದಟ್ಟ ಇದ್ದ ಕಡೆಗಳಲ್ಲೇ ಎಒಡಿ ಮ್ಯಾಪ್ ಖಾಲಿ ಬಂತು. ಆಮೇಲೆ ವಿಜ್ಞಾನಿಗಳು ಲೆಕ್ಕದ ವಿಧಾನ ತಿದ್ದಿ ಮತ್ತೆ ಹಾಕ್ಬೇಕಾಯ್ತು. ಖಾಲಿ ಚೌಕ ಬಿಟ್ಟು ಉಳಿದಿದ್ದರ ಸರಾಸರಿ ತೆಗೆದ್ರೆ ಅತಿ ಕೆಟ್ಟ ದಿನಗಳೇ ಲೆಕ್ಕದಿಂದ ಉದುರಿಹೋಗ್ತವೆ. ತಿಂಗಳಲ್ಲಿ ಎಷ್ಟು ದಿನ ಅಳತೆ ಸಿಕ್ಕಿತ್ತು ಅನ್ನೋ ಒಂದು ಸಂಖ್ಯೆ ಪಕ್ಕದಲ್ಲಿ ಬರೆಯೋಕೆ ಏನು ಕಷ್ಟ?

ಸರಿಯಾಗಿ ಮಾಡೋರೂ ಇದ್ದಾರೆ. ಅಮೆರಿಕದಲ್ಲಿ ಹವಾಮಾನ, ಸಾಗರ ನೋಡ್ಕೊಳ್ಳೋ ನೋವಾ ಸಂಸ್ಥೆಯಲ್ಲಿ ಮನುಷ್ಯರೇ ಕೂತು ಭೂಸ್ಥಿರ ಚಿತ್ರಗಳನ್ನ ಓಡಿಸಿ ನೋಡಿ ಹೊಗೆ ಅಂಚನ್ನ ಕೈಯಲ್ಲಿ ಗೆರೆ ಎಳೀತಾರೆ, ತೆಳು ಮಧ್ಯಮ ದಟ್ಟ ಅಂತ ಗುರುತು ಹಾಕ್ತಾರೆ. ಅಲ್ಲಿನ ಏರ್‌ನೌ ಫೈರ್ ಅಂಡ್ ಸ್ಮೋಕ್ ಮ್ಯಾಪ್‌ನಲ್ಲಿ ಆ ಗೆರೆಗಳ ಮೇಲೇ ನೆಲದ ಮೀಟರ್‌ಗಳ ಪಿಎಂ 2.5, ಅಂದ್ರೆ ಶ್ವಾಸಕೋಶದ ಒಳಗೆ ಹೋಗೋ ಸಣ್ಣ ಕಣಗಳ ಅಳತೆ ಇರತ್ತೆ, ಜನ ಮನೆ ಹೊರಗೆ ಹಾಕ್ಕೊಂಡಿರೋ ಕಡಿಮೆ ಬೆಲೆಯ ಸೆನ್ಸರ್‌ಗಳನ್ನೂ ತಿದ್ದಿ ಸೇರಿಸಿರ್ತಾರೆ. ಮೇಲೆ ಹೊಗೆ ಇದೆ, ಕೆಳಗೆ ಮೀಟರ್ ಹಸಿರು ಇದೆ ಅಂದ್ರೆ ಹೊಗೆ ಎತ್ತರದಲ್ಲಿದೆ ಅಂತ ಯಾರಿಗಾದ್ರೂ ಗೊತ್ತಾಗತ್ತೆ, ಯಾವ ಪ್ರೆಸ್ ಮೀಟೂ ಬೇಡ. ಗಂಟೆ ಗಂಟೆಗೂ ಅಳೆಯೋ ಉಪಕರಣಗಳೂ ಈಗ ಬಂದಿವೆ, ಏಷ್ಯಾ ಮೇಲೆ 2020ರಿಂದ ಕೊರಿಯಾದ ಜೆಮ್ಸ್, ಉತ್ತರ ಅಮೆರಿಕ ಮೇಲೆ 2023ರಿಂದ ಟೆಂಪೋ. ಹಾಗಾಗಿ ದಿನಕ್ಕೊಂದೇ ಚಿತ್ರ ಇರೋದು ಅನ್ನೋ ನೆಪ ಹಳೇದಾಯ್ತು.

ಫಾರ್ವರ್ಡ್ ಮಾಡೋ ನಮ್ಮ ಜನಕ್ಕೂ ಒಂದು ಮಾತು ಹೇಳಿಬಿಡ್ತೀನಿ. ಕೆಂಪು ನೇರಳೆ ಸುಳಿ ಸುಳಿಯಾಗಿ ಚಲಿಸೋ ವಿಡಿಯೋ ಬರತ್ತಲ್ಲ ನಾಸಾ ಫೋಟೋ ಅಂತ, ಬಹಳಷ್ಟು ಸಲ ಅದು ಫೋಟೋನೇ ಅಲ್ಲ, ಕಂಪ್ಯೂಟರ್ ಮಾಡೆಲ್ ಹಾಕಿದ ಅಂದಾಜು. ಆ ಮಾಡೆಲ್‌ಗೆ ಊಟ ಹಾಕೋದೂ ಇದೇ ಕೆಂಪು ಚುಕ್ಕೆಗಳೇ, ಚುಕ್ಕೆ ತಪ್ಪಿದ್ರೆ ಸುಳಿನೂ ತಪ್ಪತ್ತೆ. ಮುನ್ಸೂಚನೆಗೆ ಮಾಡೆಲ್ ಬೇಕೇ ಬೇಕು, ಅದನ್ನ ಕಣ್ಣಾರೆ ಕಂಡಿದ್ದು ಅನ್ನಬೇಡಿ ಅಷ್ಟೇ.

ಮತ್ತೆ ನಿಮ್ಮ ಹತ್ತಿರಕ್ಕೇ ಬರ್ತೀನಿ. ಚಿತ್ರ ಬಿಡೋದನ್ನ ನಿಲ್ಲಿಸಿ ಅಂತ ದಯವಿಟ್ಟು ಅರ್ಥ ಮಾಡ್ಕೋಬೇಡಿ, ಇನ್ನೂ ಜಾಸ್ತಿ ಬಿಡಿ. ಸ್ಥಳೀಯ ಟೈಮ್, ಸ್ಯಾಟಲೈಟ್ ಹೆಸರು, ಯಾವ ಪದರ ಅನ್ನೋದನ್ನ ಚಿತ್ರದ ಮೇಲೇ ಅಚ್ಚು ಹಾಕಿ, ಕ್ರಾಪ್ ಮಾಡಿದ್ರೂ ಹೋಗದ ಹಾಗೆ. ಅದೇ ಗಂಟೆಗೆ ಹತ್ತಿರದ ನೆಲದ ಮೀಟರ್ ಏನು ಹೇಳ್ತು ಅನ್ನೋದು ಪಕ್ಕದಲ್ಲಿರಲಿ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಘನ ಮೀಟರ್‌ಗೆ 15 ಮೈಕ್ರೋಗ್ರಾಂ ಪಿಎಂ 2.5, ಅದರ ಜೊತೆ ಹೋಲಿಸೋದು ಓದೋರಿಗೆ ಬಿಡಿ. ಚುಕ್ಕೆ ಕಮ್ಮಿ ಆಯ್ತು ಅನ್ನೋ ಮುಂಚೆ ಸುಟ್ಟ ಜಾಗ ಅಳೀರಿ. ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್‌ಗಳ ಚೌಕ 10 ಮೀಟರ್, ಒಂದು ಎಕರೆ ಹೊಲ ಅಂದ್ರೆ ಅದರಲ್ಲಿ ಸುಮಾರು 40 ಚೌಕ, ಬೆಂಕಿ ಯಾವ ಹೊತ್ತಲ್ಲಿ ಹಚ್ಚಿದ್ರೂ ಕರಿ ಕಲೆ ಉಳಿದಿರತ್ತೆ, ಐದು ದಿನಕ್ಕೊಮ್ಮೆ ಚಿತ್ರ ಬರತ್ತೆ, ಅಷ್ಟರೊಳಗೆ ಉತ್ತುಬಿಟ್ರೆ ಅಥವಾ ಮೋಡ ಮುಚ್ಚಿದ್ರೆ ತಪ್ಪಿಹೋಗತ್ತೆ ನಿಜ, ಆದ್ರೂ ಮಧ್ಯಾಹ್ನದ ಚುಕ್ಕೆಗಿಂತ ವಾಸಿ. ಲೆಕ್ಕ ಹಾಕಿದ ಫೈಲನ್ನ ಪಿಡಿಎಫ್ ಮಾಡಿ ಬಚ್ಚಿಡದೆ ಅಂಕಿಗಳ ರೂಪದಲ್ಲೇ ಸೈಟಿಗೆ ಹಾಕಿ, ಖಾಲಿ ದಿನಗಳ ಸಮೇತ, ನಾವು ಕೂಡಿಸಿ ನೋಡ್ಕೊಳ್ತೀವಿ.

ಇಂತಿ,
ಸ್ಯಾಟಲೈಟ್ ಚಿತ್ರ ನೋಡೋ ಚಟ ಇರೋ ಒಬ್ಬ ನಾಗರಿಕ